ಶ್ರಾವಣದ ಕಾವಲಿಗೆ ನಾನು ಕೊಟ್ಟ ತಲೆಬರಹ

ಮಾರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಅಂಕೋಲೆಯ ಪೇಟೆಯಲ್ಲಿ ಯಾರೂ ಇಲ್ಲ. ಇದು ಜಂಬವಲ್ಲ, ಮೂಗಿದ್ದವರು ಯಾರು ಬೇಕಾದರೂ ಬಂದು ಪರೀಕ್ಷಿಸಬಹುದಾದ ಸತ್ಯ. ಚಿನ್ನವನ್ನು ಯಾರಾದರೂ ಮಾರಿಯಾರು, ಅದು ಹೊಳೆಯುತ್ತದೆ. ಮಲ್ಲಿಗೆಯನ್ನು ಯಾರಾದರೂ ಮಾರಿಯಾರು, ಅದು ಘಮಘಮಿಸುತ್ತದೆ. ನಾನು ಮಾರುವುದು ಒಣಮೀನು. ಹೊಳೆಯದ, ಘಮಘಮಿಸುವ ಬದಲು ಇನ್ನೇನನ್ನೋ ಮಾಡುವ ಸರಕನ್ನು, ಗಿರಾಕಿ ಒಂದು ಕೈಯಿಂದ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಿಂದ ಆರಿಸಿ ಆರಿಸಿ ಒಯ್ಯುವಂತೆ ಮಾಡುವುದಿದೆಯಲ್ಲ, ಅದು ವಿದ್ಯೆ!

ಇಂಥ ನಾನು ಕಳೆದ ಶ್ರಾವಣದಲ್ಲಿ ಒಂದು ಪ್ರತಿಜ್ಞೆ ಮಾಡಿದೆ. ನನ್ನ ಹೆಂಡತಿ ಮಂಗಲಾಳ ಲೇಖನಕ್ಕೆ ತಲೆಬರಹವನ್ನು ನಾನೇ ಬರೆಯುತ್ತೇನೆ. ಅದು ಎಂಥ ತಲೆಬರಹವಾಗಬೇಕೆಂದರೆ, ಕಾರವಾರದಿಂದ ಅಂಕೋಲೆಯವರೆಗೆ ಮೊಬೈಲಿನಲ್ಲಿ ಅದನ್ನು ಒತ್ತದೆ ಉಳಿದ ಒಂದೇ ಒಂದು ಹೆಬ್ಬೆರಳು ಇರಕೂಡದು!

ಪ್ರತಿಜ್ಞೆಗೆ ಕಾರಣ ಬಿಡುವು. ಒಣಮೀನು ವ್ಯಾಪಾರಿಗೆ ಶ್ರಾವಣವೆಂದರೆ ವನವಾಸ. ನಮ್ಮ ಕೇಣಿ ಊರಿನ ಕಡಲದಡದ ಜನ ವರ್ಷವಿಡೀ ಮೀನು ಹಿಡಿಯುತ್ತೇವೆ, ಮಾರುತ್ತೇವೆ, ತಿನ್ನುತ್ತೇವೆ. ಶ್ರಾವಣ ಬಂತೆಂದರೆ ಹಿಡಿಯುವುದು, ಮಾರುವುದು ನಡೆಯುತ್ತದೆ; ತಿನ್ನುವುದು ಬಂದ್. ಚೌತಿಯ ಗಣಪತಿ ನೀರಿಗಿಳಿಯುವವರೆಗೆ ನಮ್ಮ ಮನೆಗಳ ಕಾವಲಿಗೆ ಮೀನಿನ ಸೋಂಕಿಲ್ಲ. ಮಳೆಗಾಲಕ್ಕೆಂದು ಕೊಂಡಿಟ್ಟ ಒಣ ಬಂಗಡೆ ಎಲ್ಲರ ಮನೆಯ ಅಟ್ಟದಲ್ಲಿ ತಪಸ್ಸು ಮಾಡುತ್ತಿರುತ್ತದೆ. ಅಂಗಡಿಗೆ ಬರುವವು ನೊಣಗಳು ಮಾತ್ರ, ಅವೂ ಕೊಳ್ಳುವುದಿಲ್ಲ. ನಾನು ಗಲ್ಲೆಪೆಟ್ಟಿಗೆಯ ಹಿಂದೆ ಕುಳಿತು ಮೊಬೈಲಿನಲ್ಲಿ ತಲೆಬರಹಗಳನ್ನು ಓದುತ್ತಿರುತ್ತೇನೆ. ಗಮನಿಸಿ, ತಲೆಬರಹಗಳನ್ನು. ಕೆಳಗಿನದನ್ನು ಓದುವಷ್ಟು ಬಿಡುವು ಶ್ರಾವಣದಲ್ಲೂ ನನಗೆ ಸಿಕ್ಕಿದ್ದಿಲ್ಲ.

ಹೀಗಿರುವಾಗ ಕಾರವಾರದ ಒಂದು ಜಾಲತಾಣದಿಂದ ಮಂಗಲಾಳಿಗೆ ಫೋನ್ ಬಂತು. ಅದರ ಸಂಪಾದಕಿ ಅಮಿತಾ, ಯಾವುದೋ ಮದುವೆಮನೆಯಲ್ಲಿ ಇವಳ ಕೈಯಡುಗೆ ಉಂಡವಳು.

"ಮಂಗಲಕ್ಕಾ, ಒಂದು ಅಡುಗೆ ಲೇಖನ ಬರ್ದು ಕೊಡಿ. ಚೆನ್ನಾಗಿ ಹೋದ್ರೆ ಪ್ರತಿ ವಾರ ಅಂಕಣ, ನಿಮ್ಮ ಫೋಟೋ ಹಾಕಿ. ಒಂದೇ ಶರ್ತ. ಎಷ್ಟು ಜನ ತೆರೆದ್ರು ಅಂತ ನಮ್ಮ ಮಾಲೀಕರು ನೋಡೂದಿಲ್ಲ. ಎಷ್ಟು ಜನ ಕೊನೇವರೆಗೆ ಓದಿದ್ರು ಅಂತ ನೋಡ್ತಾರೆ. ಅದನ್ನ ತೋರಿಸೂಕೆ ಯಂತ್ರ ಇದೆ."

ಅವತ್ತಿನಿಂದ ಮಂಗಲಾ ನೆಲದ ಮೇಲೆ ನಡೆದದ್ದನ್ನು ನಾನು ಕಂಡಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಈ ಊರಿಗೆ ಪುಂಡಲೀಕನ ಹೆಂಡತಿ, ತವರಾದ ತೋಡೂರಿಗೆ ಕಿಶನನ ತಂಗಿ. ಮೊದಲ ಸಲ ಮಂಗಲಾ ಎಂಬ ಹೆಸರಿನ ಪಕ್ಕದಲ್ಲಿ ಮಂಗಲಾಳದೇ ಮುಖ ಬರುವುದಿತ್ತು. ಅನ್ನಕ್ಕೆ ನೀರಿಡುವಾಗ ಒಂದು ಸಾಲು, ಬಟ್ಟೆ ಒಣಗಿಸುವಾಗ ಇನ್ನೊಂದು ಸಾಲು, ಹೀಗೆ ಮೊಬೈಲಿನಲ್ಲೇ ಟೈಪು ಮಾಡಿ ಮುಗಿಸಿದಳು.

"ತಲೆಬರಹ ಎಂತಾ ಇಟ್ಟೆ?" ಎಂದು ಕೇಳಿದೆ.

"ನೀರುಹಲಸಿನ ಫೋಡಿ ಮಾಡುವ ವಿಧಾನ."

"ಇದೆಂತದು ಮಾರಾಯ್ತಿ, ಪಂಚಾಯ್ತಿ ನೋಟೀಸ್ ಕಂಡಾಂಗೆ ಇದೆ!"

"ಒಳಗೆ ಇರೂದು ಅದೇ ಅಲ್ವಾ?"

"ಒಳಗಿರೂದನ್ನ ಬಾಗಿಲ ಮೇಲೇ ಬರೆದ್ರೆ ಒಳಗೆ ಬರೂದು ಯಾರು?"

"ಒಳಗೆ ಇಲ್ದೇ ಇರೂದನ್ನ ಬಾಗಿಲ ಮೇಲೆ ಬರೆದ್ರೆ, ಬಂದವ್ರು ಎಂತಾ ಮಾಡ್ತಾರೆ?"

ಇದು ವ್ಯಾಪಾರ ಗೊತ್ತಿಲ್ಲದವರು ಕೇಳುವ ಪ್ರಶ್ನೆ. ನಮ್ಮ ಕಸುಬಿನಲ್ಲಿ ಬುಟ್ಟಿ ಜೋಡಿಸುವ ಕ್ರಮವೊಂದಿದೆ. ಮೀನಿನ ಬುಟ್ಟಿಯ ಮೇಲ್ಪದರದಲ್ಲಿ ಅಂಗೈಗಿಂತ ದೊಡ್ಡ ಮೀನು, ಕಣ್ಣು ಮೇಲೆ ಮಾಡಿ. ಕೆಳಗೆ ಏನಿದೆ ಎಂಬುದು ಬುಟ್ಟಿಗೂ ಬುಟ್ಟಿ ಜೋಡಿಸಿದವರಿಗೂ ಇರುವ ಖಾಸಗಿ ವಿಷಯ. ಇದು ಸುಳ್ಳಲ್ಲ. ಮೇಲಿನ ಮೀನು ನಿಜ, ಅದರ ಕಣ್ಣೂ ನಿಜ. ತಲೆಬರಹವೂ ಅಷ್ಟೇ ಎಂದು ನನಗೆ ಹೊಳೆಯಿತು. ಹೊಳೆಯಬಾರದಿತ್ತು.

ನಮ್ಮ ಮನೆಯಲ್ಲಿ ಸಿಗ್ನಲ್ ಎಂಬುದು ಅತಿಥಿ. ಆದ್ದರಿಂದ ಮಂಗಲಾ ಭಾನುವಾರ ಲೇಖನವನ್ನೂ ಫೋಡಿಯ ಫೋಟೋವನ್ನೂ ಹೇಗೋ ನನ್ನ ಮೊಬೈಲಿಗೆ ದಾಟಿಸಿ, "ಅಂಗಡಿಯಿಂದ ಅಮಿತಾಗೆ ಕಳಿಸಿ. ಮೊದಲು ಓದಿ. ತಪ್ಪಿದ್ರೆ ಹೇಳಿ. ಆಮೇಲೆ ಕಳಿಸಿ" ಎಂದಳು. ಅವಳು ಹೇಳಿದ ಮೂರು ಕೆಲಸಗಳಲ್ಲಿ ಕೊನೆಯದನ್ನು ನಾನು ಅಚ್ಚುಕಟ್ಟಾಗಿ ಮಾಡಿದೆ.

ಫೋಟೋ ಅದ್ಭುತವಾಗಿತ್ತು. ನೀರುಹಲಸನ್ನು ಕಂಡವರಿಗೆ ಗೊತ್ತು: ಹಲಸಿನ ಬಡ ತಮ್ಮನಂತಿರುವ ಕಾಯಿ. ಸಿಪ್ಪೆ ತೆಗೆದು, ಹೋಳು ಮಾಡಿ, ಕೆಂಪು ಮಸಾಲೆ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರೆ, ಆಹಾ! ಸಾಕ್ಷಾತ್ ಇಶ್ವಾಣ ಮೀನಿನ ತುಂಡು. ಹುಟ್ಟಾ ಮೀನುಗಾರನಾದ ನಾನೇ ಫೋಟೋ ನೋಡಿ ಒಮ್ಮೆ ಎಂಜಲು ನುಂಗಿದೆ. ಅದೇ ಸ್ಫೂರ್ತಿಯಲ್ಲಿ ಅವಳ ತಲೆಬರಹವನ್ನು ಅಳಿಸಿ ಬರೆದೆ:

'ಶ್ರಾವಣ ಸೋಮವಾರ, ಅಂಕೋಲೆಯ ಒಣಮೀನು ವ್ಯಾಪಾರಿ ಪುಂಡಲೀಕನ ಮನೆಯ ಕಾವಲಿಯಲ್ಲಿ ಹುರಿಯುತ್ತಿದ್ದದ್ದೇನು? ಹೆಂಡತಿಯೇ ಬಾಯಿಬಿಟ್ಟ ಸತ್ಯ! ಚಿತ್ರ ನೋಡಿದರೆ ನೀವೂ…'

ಇದರಲ್ಲಿ ಸುಳ್ಳು ಒಂದಕ್ಷರ ತೋರಿಸಿ! ಸೋಮವಾರ ನಿಜ, ವ್ಯಾಪಾರಿ ನಿಜ, ಕಾವಲಿ ನಿಜ, ಹೆಂಡತಿ ಬಾಯಿಬಿಟ್ಟದ್ದಂತೂ ಮದುವೆಯಾದಾಗಿನಿಂದ ನಿಜ. ಕೊನೆಯ ಮೂರು ಚುಕ್ಕೆಗಳಿಗಾಗಿ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಜೊತೆಗೆ ಅಂಗಡಿಯ ಹೆಸರೂ ಪುಗಸಟ್ಟೆ ಊರು ತುಂಬ ಓಡಾಡುತ್ತದೆ. ಒಂದೇ ಬಲೆಗೆ ಎರಡು ಜಾತಿಯ ಮೀನು! ಕಳಿಸಿ, ಮೀಸೆಯ ಮೇಲೆ ಕೈಯಾಡಿಸಿ, ನೊಣಗಳ ಕಡೆ ಹೆಮ್ಮೆಯಿಂದ ನೋಡಿದೆ.

ಸೋಮವಾರ ಬೆಳಿಗ್ಗೆ ಲೇಖನ ಪ್ರಕಟವಾಯಿತು. ನಾನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ನನ್ನ ಮೊಬೈಲು ಕುದಿಯುವ ಅನ್ನದ ಮುಚ್ಚಳದಂತೆ ಕುಣಿಯುತ್ತಿತ್ತು. ತೋಡೂರಿನ ನೆಂಟರ ಗುಂಪು, ಪೇಟೆ ವ್ಯಾಪಾರಿಗಳ ಗುಂಪು, ಹಳೆಯ ಶಾಲೆಯ ಗುಂಪು, ಎಲ್ಲದರಲ್ಲೂ ನನ್ನದೇ ತಲೆಬರಹ, ಮಂಗಲಾಳದೇ ಕಾವಲಿ. ಅಷ್ಟರಲ್ಲಿ ಅಮಿತಾಳ ಫೋನ್.

"ಸರ್, ಬೆಳಿಗ್ಗೆಯಿಂದ ಜನ ತೆರೀತಾನೇ ಇದ್ದಾರೆ! ಇಷ್ಟು ಜನ ನಮ್ಮಲ್ಲಿ ಯಾವ ಲೇಖನಕ್ಕೂ ಬಂದಿಲ್ಲ! ಆದ್ರೆ…"

ಆದರೆ ಎಂಬ ಶಬ್ದದ ಆಚೆಗಿರುವುದನ್ನು ವ್ಯಾಪಾರಿಯಾದವನು ಕೇಳಿಸಿಕೊಳ್ಳುವುದಿಲ್ಲ. "ಆಗ್ಲಿ ಅಮಿತಾ, ಗಿರಾಕಿ ಬಂದ್ರು" ಎಂದು ಫೋನ್ ಇಟ್ಟೆ.

ಗಿರಾಕಿ ಬಂದಿರಲಿಲ್ಲ. ಬಂದವಳು ಹೊನ್ನಕ್ಕ. ಕೇಣಿಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹಸಿಮೀನು ಕೊಡುವವಳು, ನಮ್ಮ ಮನೆಗೆ ನನ್ನ ತಾಯಿಯ ಕಾಲದಿಂದ ಅವಳದೇ ಮೀನು. ಬುಟ್ಟಿಯನ್ನು ನನ್ನ ಗಲ್ಲೆಯ ಮೇಲೇ ದೊಪ್ಪನೆ ಇಟ್ಟಳು.

"ತಮಾ, ನಾನೇನು ಸತ್ತಿದ್ನಾ?"

"ಎಂತಾ ಆಯ್ತೇ ಹೊನ್ನಕ್ಕಾ?"

"ಎಂತಾ ಆಯ್ತು ಅಂತೆ! ಕೇಣಿ ದಡದಲ್ಲಿ ಎಲ್ರಿಗೂ ಕೇಳೂ ಹಾಂಗೆ ತಲೆಬರಹ ಓದಿ ಹೇಳಿದ್ರು. ಶ್ರಾವಣ, ಶ್ರಾವಣ ಅಂತ ನಿನ್ನ ಬಾಗಿಲ ಮುಂದೆ ನಾನು ಹೆಜ್ಜೆ ಸಪ್ಪಳ ಮಾಡದೆ ಹೋಗ್ತೆ. ನೀನು ಒಳಗೆ ಕೂತ್ಕಂಡು ಇಶ್ವಾಣ ಹುರಿಸ್ತೆ! ಹುರಿ, ನಂಗೇನು. ದೇವರಿಗೆ ನೀನೇ ಉತ್ತರ ಕೊಡು. ಯಾರ ಹತ್ರ ತಕಂಡೆ, ಅದನ್ನ ಮಾತ್ರ ನಂಗೆ ಹೇಳು!"

ಅಂದರೆ ವ್ರತ ಕೆಟ್ಟದ್ದು ಅವಳ ದುಃಖವಲ್ಲ. ವ್ರತವನ್ನು ಬೇರೆಯವರ ಬುಟ್ಟಿಯಿಂದ ಕೆಡಿಸಿಕೊಂಡದ್ದು ಅವಳ ದುಃಖ.

"ಹೊನ್ನಕ್ಕಾ, ಅದು ಮೀನಲ್ವೇ, ನೀರುಹಲಸು."

"ಐವತ್ತು ವರ್ಷ ಮೀನು ಕೊಯ್ದ ಕಣ್ಣು ಇದು! ಫೋಟೋ ತೋರ್ಸಿದ್ರು ನಂಗೆ. ಹೋಳು ನೋಡಿದ್ರೆ ಗೊತ್ತಾಗೂದಿಲ್ವಾ, ಬಾಲದ ಕಡೆದೋ ಹೊಟ್ಟೆ ಕಡೆದೋ ಅಂತ? ನಿನ್ನ ಹತ್ರ ಎಂತಾ ಮಾತು, ಮಂಗಲಾನ್ನೇ ಕೇಳ್ತೆ."

ಬುಟ್ಟಿ ಎತ್ತಿಕೊಂಡು ನಮ್ಮ ಮನೆಯ ದಾರಿ ಹಿಡಿದೇಬಿಟ್ಟಳು. ಆಗ ನನಗೆ ಒಂದು ವಿಷಯ ನೆನಪಾಯಿತು. ತಲೆಬರಹ ಬದಲಾದದ್ದು ಮಂಗಲಾಳಿಗೆ ಗೊತ್ತಿಲ್ಲ! ಅಂಗಡಿಯ ಬಾಗಿಲೆಳೆದು, ಸ್ಕೂಟರ್ ಹತ್ತಿ, ಹಿಂದಿನ ಓಣಿಯಿಂದ ಹೊಡೆದೆ.

ಅಂಗಳದಲ್ಲಿ ಕಿಶನ ಭಾವನ ಕಾರು ಆಗಲೇ ನಿಂತಿತ್ತು. ಮಂಗಲಾಳ ಅಣ್ಣ ಕಿಶನ ಎಂದರೆ ತೋಡೂರಿನ ಆ ಮನೆತನದ ಆಚಾರ ವಿಚಾರಗಳ ಕಾವಲುಗಾರ. ಯಾರ ಮನೆಯಲ್ಲಿ ಯಾವ ವಾರ ಏನು ಬೇಯುತ್ತದೆ ಎಂಬುದು ಅವನಿಗೆ ಅವರಿಗಿಂತ ಮೊದಲು ಗೊತ್ತಿರುತ್ತದೆ. ಜಗಲಿಯ ಕುರ್ಚಿಯಲ್ಲಿ ನ್ಯಾಯಾಧೀಶನಂತೆ ಕುಳಿತಿದ್ದ. ಹೊನ್ನಕ್ಕ ಕಂಬಕ್ಕೊರಗಿ ಕಾಲು ಚಾಚಿದ್ದಳು. ಸ್ಕೂಟರಿಗಿಂತ ಕೋಪಕ್ಕೆ ವೇಗ ಹೆಚ್ಚು. ಮಂಗಲಾ ಮಾತ್ರ ಹೊಸ ಸೀರೆ ಉಟ್ಟು ಅರಳಿ ನಿಂತಿದ್ದಳು. ಪಾಪ, ಇವರೆಲ್ಲ ತನ್ನನ್ನು ಅಭಿನಂದಿಸಲು ಬಂದವರೆಂದು ತಿಳಿದಿದ್ದಳು!

"ಅಣ್ಣಾ, ನನ್ನ ಲೇಖನ ನೋಡಿದ್ಯಾ?"

"ನೋಡಿದೆ" ಎಂದ ಭಾವ, ಹಲ್ಲಿನ ಸಂದಿಯಿಂದ. "ಅದಕ್ಕೇ ಬಂದದ್ದು."

"ಅಷ್ಟು ದೂರದಿಂದ! ಒಳ್ಳೆ ಹೊತ್ತಿಗೆ ಬಂದೆ. ಈಗ ಅದನ್ನೇ ಹುರೀತಾ ಇದ್ದೆ. ಎರಡು ತುಂಡು ತಿಂದೇ ಹೋಗು."

ಭಾವನ ಮುಖ ನೋಡಬೇಕಿತ್ತು! ತಂಗಿಯ ಧೈರ್ಯಕ್ಕೆ ಬಾಯಿ ತೆರೆಯಿತು. ಅದೇ ಹೊತ್ತಿಗೆ ಒಳಗಿನಿಂದ ಮಸಾಲೆಯ ವಾಸನೆ ಬಂದು ತೆರೆದ ಬಾಯಿ ತೆರೆದೇ ಉಳಿಯಿತು.

"ಮಂಗಲಾ, ನಮ್ಮ ಅಪ್ಪ ಶ್ರಾವಣದಲ್ಲಿ ಮೀನು ಅನ್ನೂ ಶಬ್ದ ಸಹ ಬಾಯಲ್ಲಿ ತೆಗೀತಿರ್ಲಿಲ್ಲ. ಗೊತ್ತಲ್ಲಾ?"

"ಗೊತ್ತಿದೆ ಅಣ್ಣಾ."

"ಮನೆತನದ ಮಾನ ಅಂದ್ರೆ…" ಎಂದು ಶುರುಮಾಡಿದವನು ಅಡುಗೆಮನೆಯ ಕಡೆ ಮೂಗು ತಿರುಗಿಸಿ, ದನಿ ತಗ್ಗಿಸಿ, "ಎಷ್ಟು ತುಂಡು ಇದೆ?" ಎಂದ.

ನಾನು ಬಾಗಿಲಲ್ಲಿ ನಿಂತು, ಇನ್ನೇನು ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡೆ. ಆದರೆ ಹೇಳಬೇಕಾದ್ದನ್ನು ಹೇಳುವ ಮೊದಲು ಗಿರಾಕಿಯ ಮುಖ ನೋಡುವುದು ನನ್ನ ಅಭ್ಯಾಸ. ಮಂಗಲಾಳ ಮುಖ ನೋಡಿದೆ. ಸುಮ್ಮನಾದೆ.

ಹೊನ್ನಕ್ಕ ಸುಮ್ಮನಾಗುವವಳಲ್ಲ. "ತಂಗಿ, ಒಂದೇ ಒಂದು ಮಾತು. ಯಾರ ಹತ್ರ ತಕಂಡೆ?"

"ತಕಂಡದ್ದಲ್ಲ ಹೊನ್ನಕ್ಕಾ. ವಸುಮತಕ್ಕ ಕೊಟ್ಟದ್ದು, ಅವರ ಹಿತ್ತಿಲದ್ದು."

ಜಗಲಿಯ ಮೇಲೆ ಸಿಡಿಲು ಬಡಿಯಿತು. ವಸುಮತಿ ಎಂದರೆ ನಮ್ಮ ಬೇಲಿಯಾಚೆಯ ಭಟ್ಟರ ಮನೆಯವರು. ಅವರ ಮನೆಗೆ ಬೆಳ್ಳುಳ್ಳಿ ಸಹ ಹಗಲು ಹೊತ್ತಿನಲ್ಲಿ ಬರುವುದಿಲ್ಲ.

"ಭಟ್ರ ಹಿತ್ತಿಲಲ್ಲಿ ಇಶ್ವಾಣ?" ಹೊನ್ನಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಕಾಲ ಕೆಟ್ಟೋಯ್ತು, ತಮಾ!"

ಸಮಯಕ್ಕೆ ಸರಿಯಾಗಿ ಬೇಲಿಯ ಬಳಿ ಸ್ವತಃ ವಸುಮತಿಯವರು ಪ್ರತ್ಯಕ್ಷರಾದರು. ಅಂಗಳದ ಒಳಗೆ ಕಾಲಿಡಲಿಲ್ಲ. ಮುಖ ಬಾಡಿತ್ತು.

"ಮಂಗಲಾ, ನಮ್ಮ ಮರದ ಮೊದಲ ಕಾಯಿ ಅಂತ ನಿಂಗೆ ಕೊಟ್ಟೆ. ಶ್ರಾವಣ ಸೋಮವಾರಕ್ಕೆ ಒಳ್ಳೆದು ಅಂತ ಹೇಳ್ದೆ. ನೀನು ಅದನ್ನ ಮೀನು ಹುರಿಯೂ ಕಾವಲಿಲಿ… ಊರಿಗೆಲ್ಲ ಹೇಳ್ಕಂಡೆ ಬೇರೆ!"

ಮಂಗಲಾ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಏನೋ ತಪ್ಪಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಗೊತ್ತಾಗದಿದ್ದಾಗ ನಮ್ಮ ಕಡೆಯ ಹೆಂಗಸರು ಮಾಡುವ ಕೆಲಸವನ್ನೇ ಮಾಡಿದಳು. ತಟ್ಟೆ ತಂದು ಬಡಿಸಿದಳು. ರವೆಯ ಅಂಗಿ ತೊಟ್ಟ, ಅಂಚು ಕೆಂಪಾದ, ಇನ್ನೂ ಚಿಂಯ್‌ಗುಡುತ್ತಿದ್ದ ತುಂಡುಗಳು. ಭಾವ ಅತ್ತಿತ್ತ ನೋಡಿದ. "ಬಡಿಸಿದ ಮೇಲೆ ಅನ್ನದೇವತೆಗೆ ಅವಮಾನ ಮಾಡಬಾರದು" ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳಿ, ಕಣ್ಣು ಮುಚ್ಚಿ ಕಚ್ಚಿದ.

ಅಗಿದ. ಅಗಿಯುವುದು ನಿಧಾನವಾಯಿತು. ಕಣ್ಣು ತೆರೆದ. ಆ ಕಣ್ಣುಗಳಲ್ಲಿದ್ದದ್ದು ಧರ್ಮ ಉಳಿದ ಸಮಾಧಾನವಲ್ಲ, ಮೋಸಹೋದ ಗಿರಾಕಿಯ ಬೆಂಕಿ.

"ಇದು ಮೀನಲ್ಲ!"

"ಅಲ್ಲ" ಎಂದಳು ಮಂಗಲಾ. "ಮೀನು ಅಂತ ಯಾರು ಹೇಳಿದ್ರು?"

"ಅಷ್ಟು ದೂರದಿಂದ ಗಾಡಿ ಓಡಿಸ್ಕಂಡು ಬಂದೆ ಮಾರಾಯ್ತಿ!"

"ಬೈಯೂಕೆ ಬಂದದ್ದು ಅಲ್ವಾ ನೀನು?"

ಭಾವ ಎಡಗೈಯಿಂದ ಮೊಬೈಲು ತೆಗೆದು ಅವಳ ಮುಂದೆ ಹಿಡಿದ. ಮಂಗಲಾ ಓದಿದಳು. ಮತ್ತೊಮ್ಮೆ ಓದಿದಳು. ನಾನು ಬಹಳ ಯೋಚಿಸಿ ಇಟ್ಟಿದ್ದ ಆ ಮೂರು ಚುಕ್ಕೆಗಳ ಮೇಲೆ ಅವಳ ಕಣ್ಣು ನಿಂತಿತು.

"ಇದನ್ನ ಯಾರು ಬರೆದದ್ದು?"

"ಪೇಪರ್‌ನವ್ರಿಗೆ ಸ್ವಲ್ಪ ಮಸಾಲೆ ಹಾಕೂ ಚಟ ಇರ್ತದೆ" ಎಂದೆ ನಾನು, ಬಾಗಿಲ ಚೌಕಟ್ಟಿನಲ್ಲಿದ್ದ ಗೆದ್ದಲನ್ನು ಆಸಕ್ತಿಯಿಂದ ಪರೀಕ್ಷಿಸುತ್ತ.

ದೇವರು ಶ್ರಾವಣದಲ್ಲಿ ಭೂಮಿಗೆ ಹತ್ತಿರವಿರುತ್ತಾನಂತೆ. ಆ ಕ್ಷಣದಲ್ಲೇ ನಮ್ಮ ಮನೆಗೆ ಸಿಗ್ನಲ್ ಬಂತು, ಮಂಗಲಾಳ ಮೊಬೈಲು ಬಡಿದುಕೊಂಡಿತು. ಕೈಗೆ ಎಣ್ಣೆಯಾಗಿದ್ದರಿಂದ ಅವಳು ಸ್ಪೀಕರ್ ಒತ್ತಿದಳು.

"ಮಂಗಲಕ್ಕಾ, ಅಮಿತಾ. ಹೆಂಗೆ ಹೇಳೂದೋ ಗೊತ್ತಾಗ್ತಿಲ್ಲ. ಸರ್ ಹಾಕಿ ಕಳಿಸಿದ ತಲೆಬರಹ ನೋಡಿ ಜನ ಮುಗಿಬಿದ್ದು ತೆರೆದ್ರು. ಎರಡು ಸಾಲಲ್ಲಿ ನೀರುಹಲಸು ಅಂತ ಬಂತು, ಎಲ್ರೂ ಎದ್ದು ಹೋದ್ರು. ಕೊನೇವರೆಗೆ ಓದಿದವ್ರೇ ಇಲ್ಲ. ಕೆಳಗೆ ಬರೀ ಬೈಗುಳ. ಮೀನು ತೋರಿಸಿ ಕಾಯಿಪಲ್ಲೆ ಕೊಟ್ರು ಅಂತ! ಮಾಲೀಕರು ಅಂಕಣ ಬೇಡ ಅಂತಿದ್ದಾರೆ."

ಜಗಲಿಯ ಮೇಲಿದ್ದ ಎಲ್ಲ ಕಣ್ಣುಗಳೂ ನನ್ನ ಕಡೆ ತಿರುಗಿದವು. ತಟ್ಟೆಯಲ್ಲಿದ್ದ ಫೋಡಿಗಳಿಗೆ ಕಣ್ಣಿರಲಿಲ್ಲ, ಇದ್ದಿದ್ದರೆ ಅವೂ ತಿರುಗುತ್ತಿದ್ದವು.

ಮಂಗಲಾ ಕೂಗಲಿಲ್ಲ. ಕೂಗಿದ್ದರೆ ನನಗೆ ಅಭ್ಯಾಸವಿತ್ತು. ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು.

"ಅಣ್ಣಾ, ನೀನು ಕೊನೇವರೆಗೆ ಓದಿದ್ಯಾ?"

"ಫೋಟೋ ಕಂಡ ಮೇಲೆ ಓದೂಕೆ ಪುರುಸೊತ್ತು ಎಲ್ಲಿ? ಕಾರು ತೆಗೆದೆ."

"ವಸುಮತಕ್ಕಾ, ನೀವು?"

"ಒಣಮೀನು ಅಂತ ಮೊದಲೇ ಕಂಡ ಮೇಲೆ ನಾನೆಂತಕ್ಕೆ ತೆಗೀಲಿ?"

ಇದು ನನಗೆ ಚುರುಕ್ಕೆಂದಿತು. ಲೇಖನ ಇದ್ದದ್ದು ಶ್ರಾವಣ ಮಾಡುವವರಿಗೆ. ನಾನು ಹಾಕಿದ ಬೋರ್ಡು ನೋಡಿ ಅವರು ರಸ್ತೆಯ ಆಚೆ ಬದಿಯಿಂದ ಹೋದರು. ಒಳಗೆ ನುಗ್ಗಿದವರು ಮೀನು ಬೇಕಾದವರು. ಹಾಲಿನ ಡೈರಿಗೆ ಸಾರಾಯಿ ಅಂಗಡಿಯ ಬೋರ್ಡು ತಗುಲಿಸಿದಂತೆ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಇಂಥ ಕೆಲಸವನ್ನು ನನ್ನ ವೈರಿಯ ಅಂಗಡಿಗೂ ನಾನು ಮಾಡಿದ್ದಿಲ್ಲ.

"ನೀವು?" ಎಂದಳು ಮಂಗಲಾ, ನನ್ನನ್ನು.

"ಅಂಗಡಿಲಿ ಸ್ವಲ್ಪ ಗಲಾಟೆ…"

"ಶ್ರಾವಣದಲ್ಲಿ? ಒಣಮೀನು ಅಂಗಡಿಲಿ?"

ನೊಣಗಳ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಮಂಗಲಾ ಭಾವನ ಮೊಬೈಲನ್ನು ಬೇಲಿಯ ಹತ್ತಿರ ಒಯ್ದು ವಸುಮತಿಯವರ ಕೈಗೆ ಕೊಟ್ಟಳು. "ಅಕ್ಕಾ, ಕೊನೇ ಭಾಗ ಒಂದು ಓದಿ ಹೇಳಿ. ಎಲ್ರಿಗೂ ಕೇಳೂ ಹಾಂಗೆ."

ವಸುಮತಿಯವರು ಕನ್ನಡಕ ಸರಿಮಾಡಿಕೊಂಡು, ಪುರಾಣ ಓದುವ ದನಿಯಲ್ಲಿ ಓದಿದರು:

"ನಾನು ಈ ಫೋಡಿ ಕಲಿತದ್ದು ನನ್ನ ಮನೆಯವರಿಗಾಗಿ. ವರ್ಷವಿಡೀ ಮೀನಿನ ರಾಶಿಯ ನಡುವೆಯೇ ಕುಳಿತಿರುವ ಮನುಷ್ಯ ಅವರು. ಶ್ರಾವಣ ಬಂದರೆ ಒಂದು ಒಣ ಸಿಗಡಿಯ ಮೀಸೆಯನ್ನೂ ಬಾಯಿಗಿಟ್ಟವರಲ್ಲ. ಮದುವೆಯಾದ ವರ್ಷ, ಬರೀ ತೊವ್ವೆ ಅನ್ನದ ಮುಂದೆ ಕುಳಿತ ಅವರ ಮುಖ ನೋಡಲಾಗದೆ ಅತ್ತೆ ನನಗೆ ಇದನ್ನು ಹೇಳಿಕೊಟ್ಟರು. ತಟ್ಟೆಯಲ್ಲಿ ಇಶ್ವಾಣದಂತೆಯೇ ಕಾಣಲಿ ಎಂದು ಹೋಳನ್ನು ಓರೆಯಾಗಿ ಕೊಯ್ಯುತ್ತೇನೆ. ಅದು ಅವರ ಗಮನಕ್ಕೆ ಬಂದಿದೆಯೋ ಇಲ್ಲವೋ, ಕೇಳಿಲ್ಲ."

ಬಂದಿರಲಿಲ್ಲ.

ಇಡೀ ತಾಲೂಕಿನಲ್ಲಿ ನನ್ನ ವ್ರತಕ್ಕೆ ಸಾಕ್ಷಿ ಹೇಳುವ ಒಂದೇ ಒಂದು ಬರಹ ಅದು. ಅದರ ನೆತ್ತಿಯ ಮೇಲೆ ಕುಳಿತು ನನ್ನ ವ್ರತವನ್ನು ಹರಾಜು ಹಾಕಿದವನು ನಾನೇ. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಮಾನನಷ್ಟದ ದಾವೆ ಹೂಡುತ್ತಿದ್ದೆ.

ಮೊದಲು ಚೇತರಿಸಿಕೊಂಡವಳು ಹೊನ್ನಕ್ಕ. ಒಂದು ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಓರೆ ಕೊಯ್ತ! ಹೌದಲ್ಲೇ ತಂಗಿ. ಅದಕ್ಕೇ ಮೋಸ ಹೋದೆ ನಾನು. ಬಾಲದ ಕಡೆದು ಅಂದ್ಕಂಡೆ." ಬೇಲಿಯಾಚೆಯಿಂದ ವಸುಮತಿಯವರು ಕೈ ಚಾಚಿದರು, "ನಂಗೊಂದು ಕೊಡು ಮಾರಾಯ್ತಿ, ನಮ್ಮನೆ ಕಾಯಿ ಅಲ್ಲವಾ." ಭಾವ ತನ್ನ ತಟ್ಟೆಯನ್ನು ಮುಂದೆ ತಳ್ಳಿ, ಮನೆತನದ ಮಾನವೆಲ್ಲ ಉಳಿದ ಗತ್ತಿನಲ್ಲಿ, "ಬಿಸಿ ಇದ್ದದ್ದು ಇನ್ನೆರಡು ಹಾಕು" ಎಂದ. ನನಗೆ ಯಾರೂ ಬಡಿಸಲಿಲ್ಲ.

ಫೋನಿನಲ್ಲಿ ಅಮಿತಾ ಇನ್ನೂ ಇದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಮಂಗಲಕ್ಕಾ, ಇನ್ನೊಂದು ಕಳಿಸಿ. ಮಾಲೀಕರಿಗೆ ನಾನು ಹೇಳ್ತೆ. ಆದ್ರೆ ಇದೇ ಕೊನೇದು. ಕೊನೇವರೆಗೆ ಜನ ಓದ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

"ಕಳಿಸ್ತೆ" ಎಂದಳು ಮಂಗಲಾ. "ಈ ಸಲ ನಾನೇ ಹೊಳೆದಂಡೆಗೆ ಹೋಗಿ ಸಿಗ್ನಲ್ ಹುಡುಕಿ ಕಳಿಸ್ತೆ."

ಮುಂದಿನ ಸೋಮವಾರದವರೆಗೆ ನಮ್ಮ ಮನೆಯಲ್ಲಿ ನನಗೆ ಕೇಳಿಸಿದ್ದು ಪಾತ್ರೆಗಳ ಸದ್ದು ಮಾತ್ರ. ನನ್ನ ಊಟದ ತಟ್ಟೆಯಲ್ಲಿ ನೀರುಹಲಸು ಬಂತು, ಆದರೆ ಚೌಕಾಕಾರದಲ್ಲಿ! ಇಂಥ ಶಿಕ್ಷೆ ಯಾವ ಕಾನೂನಿನಲ್ಲೂ ಇಲ್ಲ. ಸುಮ್ಮನೆ ತಿಂದೆ. ಈ ಸಲದ ಲೇಖನವನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದಿಯೇ ತೀರುತ್ತೇನೆಂದು ಮನಸ್ಸಿನಲ್ಲೇ ಪಣ ತೊಟ್ಟೆ.

ಸೋಮವಾರ ಅಂಗಡಿಯಲ್ಲಿ ಮೊಬೈಲು ತೆಗೆದೆ. ಬಂದಿತ್ತು. ತಲೆಬರಹ: 'ಪಾತೋಳಿ ಮಾಡುವ ವಿಧಾನ'.

ಅಷ್ಟೇ. ಪ್ರಶ್ನೆಯಿಲ್ಲ, ಉದ್ಗಾರವಿಲ್ಲ, ಚುಕ್ಕೆಯಂತೂ ಇಲ್ಲವೇ ಇಲ್ಲ. ನನ್ನ ವ್ಯಾಪಾರಿ ಹೃದಯ ಹಿಂಡಿದಂತಾಯಿತು. ಪಾತೋಳಿ ನನಗೆ ಗೊತ್ತಿಲ್ಲವೇ? ಅರಿಶಿನದ ಎಲೆಗೆ ಅಕ್ಕಿಹಿಟ್ಟು ಸವರಿ, ಕಾಯಿ ಬೆಲ್ಲ ತುಂಬಿ, ಮಡಚಿ, ಉಗಿಯಲ್ಲಿ ಬೇಯಿಸುವುದು, ಹುಟ್ಟಿದಾಗಿನಿಂದ ತಿನ್ನುತ್ತಿದ್ದೇನೆ. ಇಷ್ಟು ಸಪ್ಪೆ ತಲೆಬರಹದ ಒಳಗೆ ಇನ್ನೇನು ಇದ್ದೀತು! ಸಂಜೆ ಬಿಡುವಾಗಿ ಓದೋಣ ಎಂದು ಮೊಬೈಲನ್ನು ಗಲ್ಲೆಗೆ ಹಾಕಿದೆ.

ಸ್ವಲ್ಪ ಹೊತ್ತಿಗೆ ಹೊನ್ನಕ್ಕ ಬಾಗಿಲಲ್ಲಿ ಇಣುಕಿದಳು. "ತಮಾ, ಕಾಯಿ ತಕಂಡ್ಯಾ?"

"ಯಾವ ಕಾಯಿ?"

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಟೇ ಹೋದಳು.

ಆಮೇಲೆ ಎದುರಿನ ಬಟ್ಟೆಯಂಗಡಿಯವರು, "ಪುಂಡಲೀಕಣ್ಣಾ, ಕಾಯಿ ಆಯ್ತಾ?" ಎಂದರು. ಕಾರವಾರದ ಬಸ್ಸಿನ ಕಂಡಕ್ಟರ್, ಬಸ್ಸು ನಿಧಾನವಾದಾಗ ಬಾಗಿಲಲ್ಲಿ ನೇತಾಡುತ್ತ, "ಸೇಟ್ರೇ, ಕಾಯೀ!" ಎಂದು ಕೂಗಿ ಹೋದ. ತೋಡೂರಿನಿಂದ ಭಾವ ಫೋನ್ ಮಾಡಿ, "ಭಾವ, ಸುಲಿದದ್ದೇ ತಕೋ, ಹಗುರ ಇರ್ತದೆ" ಎಂದು ನಕ್ಕು ಇಟ್ಟುಬಿಟ್ಟ. ಊರಿಗೇನೋ ಕಾಯಿಯ ಜ್ವರ ಬಂದಿದೆ ಎಂದುಕೊಂಡೆ. ಅಥವಾ ಹಳೆಯ ವಿಷಯಕ್ಕೆ ಹೊಸ ಬಗೆಯ ಗೇಲಿ. ಗೇಲಿಗೆ ಉತ್ತರ ಕೊಡದಿರುವುದೇ ಗಂಭೀರ ವ್ಯಾಪಾರಿಯ ಲಕ್ಷಣ. ಸಂಜೆ ಅಂಗಡಿ ಮುಚ್ಚಿ, ಕೈ ಬೀಸಿಕೊಂಡು ಮನೆಗೆ ಹೋದೆ.

ಮಂಗಲಾ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

"ಓದ್ಲಿಲ್ಲ ಅಲ್ವಾ?"

"ಓದ್ದೆನೇ! ಬಹಳ ಚಲೋ ಬಂದಿದೆ! ಆ ಬೆಲ್ಲದ ಹದದ ಬಗ್ಗೆ ಬರ್ದಿದ್ದಂತೂ…"

ಅವಳು ಮೊಬೈಲನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಪಾತೋಳಿಯ ವಿಧಾನ ನಾಲ್ಕೇ ಸಾಲು. ಉಳಿದದ್ದೆಲ್ಲ ನಾನೇ! ನನ್ನ ತಲೆಬರಹ, ನನ್ನ ಮೂರು ಚುಕ್ಕೆ, ಗೆದ್ದಲು ಪರೀಕ್ಷಿಸಿದ ನನ್ನ ಶ್ರದ್ಧೆ, ಭಾವನ ಕಣ್ಣು ಮುಚ್ಚಿದ ಕಡಿತ, ಒಂದನ್ನೂ ಬಿಟ್ಟಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಕಟ್ಟಕಡೆಯ ಸಾಲು:

'ನನ್ನ ಮನೆಯವರು ಇಲ್ಲಿಯವರೆಗೆ ಓದಿದ್ದರೆ, ಸಂಜೆ ಬರುವಾಗ ಒಂದು ತೆಂಗಿನಕಾಯಿ ತರಬೇಕು. ಮನೆಯಲ್ಲಿ ಕಾಯಿ ಮುಗಿದಿದೆ.'

ತಲೆ ಎತ್ತಲಾಗದೆ ಪಕ್ಕಕ್ಕೆ ನೋಡಿದೆ. ಜಗಲಿಯ ಮೂಲೆಯಲ್ಲಿ ತೆಂಗಿನಕಾಯಿಗಳ ಗುಡ್ಡೆ ಬಿದ್ದಿತ್ತು. ಹೊನ್ನಕ್ಕ ಬುಟ್ಟಿಯಲ್ಲಿ ತಂದದ್ದು, ವಸುಮತಿಯವರು ಬೇಲಿಯಿಂದ ದಾಟಿಸಿದ್ದು, ಬಟ್ಟೆಯಂಗಡಿಯವರ ಮನೆಯಿಂದ ಬಂದದ್ದು, ಹೆಸರು ಹೇಳದೆ ಯಾರೋ ಇಟ್ಟು ಹೋದದ್ದು. ಕೊನೆಯ ಸಾಲಿನವರೆಗೆ ಓದಿದ, ಓದಿಸಿ ಕೇಳಿದ ಒಬ್ಬೊಬ್ಬರೂ, ನಾನು ಓದಿರುವುದಿಲ್ಲ ಎಂದು ತಾವೇ ತೀರ್ಮಾನಿಸಿ, ಬರುವಾಗ ಒಂದೊಂದು ಕಾಯಿ ತಂದಿದ್ದರು!

"ಅಮಿತಾ ಫೋನ್ ಮಾಡಿದ್ಳು" ಎಂದಳು ಮಂಗಲಾ. "ಅಂಕಣ ಖಾಯಂ ಆಯ್ತಂತೆ. ಕೊನೇವರೆಗೆ ಓದಿದವ್ರು ಎಷ್ಟು ಜನ ಅಂತ ಯಂತ್ರ ನೋಡಿ ಹೇಳ್ತೆ ಅಂದ್ಳು. ಬ್ಯಾಡ, ನಮ್ಮ ಜಗಲಿ ನೋಡಿದ್ರೆ ಸಾಕು ಅಂದೆ."

"ಇಷ್ಟು ಕಾಯಿ ಎಂತಾ ಮಾಡೂದು?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಓದಿದವ್ರು ತಂದ್ರು" ಎಂದು ಅವಳು ಹಾರೆಯನ್ನು ನನ್ನ ಕೈಗೆ ಕೊಟ್ಟಳು. "ಓದದೇ ಇದ್ದವ್ರು ಸುಲೀಲಿ."